ಚಿಬಾ-ಸಾನ್ ಅವರ ಈರುಳ್ಳಿ

ಚಿಬಾ-ಸಾನ್ ಅನ್ನುವವರು ಒಬ್ಬ ದೊಡ್ಡ ರೈತರು ಎಂದು ನಾನು ಸುಮಾರು ಎರಡು ತಿಂಗಳು ನಂಬಿಕೊಂಡಿದ್ದೆ. ಜಪಾನಿನಲ್ಲಿ ನಾನು ಕೆಲಸಕ್ಕೆ ಸೇರಿದ ಸೂಪರ್‌ಮಾರ್ಕೆಟ್ಟಿನ ತರಕಾರಿ ವಿಭಾಗದಲ್ಲಿ ದಿನಾ ಬೆಳಗ್ಗೆ ಯಾರಾದರೂ ಒಬ್ಬರು ‘ಚಿಬಾ-ಸಾನ್ ನೊ ನೆಗಿ’ ಅನ್ನುತ್ತಿದ್ದರು. ನೆಗಿ ಅಂದರೆ ಮೊಳದುದ್ದದ ಬಿಳಿ ದಂಟಿನ ಈರುಳ್ಳಿ. ‘ಸಾನ್’ ನಮ್ಮ ‘ಅವರು’ ಇದ್ದ ಹಾಗೆ, ‘ನೊ’ ಅಂದರೆ ಷಷ್ಠಿ. ಸರಿ, ಚಿಬಾ ಅವರ ಈರುಳ್ಳಿ. ಇನ್ನೊಂದು ದಿನ ‘ಕೋಚಿ-ಸಾನ್ ನೊ ನಸು’, ಕೋಚಿ ಅವರ ಬದನೆಕಾಯಿ. ಬೇಸಿಗೆ ಬಂತು, ‘ಕಾಗೊಶಿಮಾ-ಸಾನ್ ನೊ ಒಕುರ’, ಬೆಂಡೆಕಾಯಿ. ಬೆಳೆದವರಿಗೆ ಎಷ್ಟು ಮರ್ಯಾದೆ ಕೊಡ್ತಾರೆ ನೋಡಿ ಈ ಜನ, ಅಂತ ಮನೆಯವರ ಮುಂದೆ ಹೊಗಳಿದ್ದೂ ಆಯಿತು.

ಒಂದು ದಿನ ಜೊತೆಗೆ ಕೆಲಸ ಮಾಡುವ ಹಿರಿಯಾಕೆಯನ್ನು ಕೇಳಿಯೇಬಿಟ್ಟೆ, ಈ ಚಿಬಾ-ಸಾನ್ ಅಂಗಡಿಗೆ ಯಾವಾಗಲಾದರೂ ಬರುತ್ತಾರಾ ಎಂದು. ಆಕೆ ನಕ್ಕು ನಕ್ಕು ರಟ್ಟಿನ ಪೆಟ್ಟಿಗೆಯ ಮೇಲೆ ಕೂತುಬಿಟ್ಟರು. ಚಿಬಾ, ಕೋಚಿ, ಕಾಗೊಶಿಮಾ ಎಲ್ಲ ಪ್ರಾಂತಗಳ ಹೆಸರು. ನಾವಿದ್ದದ್ದೇ ಚಿಬಾದಲ್ಲಿ! ಇಲ್ಲಿನ ‘ಸಾನ್’ ಬೇರೆಯೇ ಅಕ್ಷರ. ಅದಕ್ಕೆ ‘ಅಲ್ಲಿ ಬೆಳೆದದ್ದು’ ಎಂದು ಅರ್ಥ. ನಾನು ಕಿವಿಯಲ್ಲಿ ಕೇಳಿ ಕಲಿತವಳು, ಬೆಲೆಚೀಟಿಯ ಮೇಲಿನ ಕಾಂಜಿ, ಅಂದರೆ ಚೀನಾದಿಂದ ಬಂದ ಅಕ್ಷರ, ಕಣ್ಣಿಗೆ ಬಿದ್ದರೂ ಓದಿರಲಿಲ್ಲ. ನಾನು ಸರಿಯಾಗಿ ಕಲಿತ ಮೊದಲ ಕಾಂಜಿ ಅದೇ.

ಅಂಗಡಿ ಸೇರುವ ಮುಂಚೆ ಒಂದು ವರ್ಷ ಸುಮ್ಮನೆ ಕಳೆದಿತ್ತು. 2019ರಲ್ಲಿ ಬಂದಾಗ ತೋಕಿಯೋದ ನಿಶಿ-ಕಸಾಯ್‌ನಲ್ಲಿ ಮನೆ ಮಾಡಿದ್ದೆವು. ಅಲ್ಲಿ ನಮ್ಮವರು ಎಷ್ಟಿದ್ದಾರೆ ಅಂದರೆ ತೊಗರಿಬೇಳೆ, ಕರಿಬೇವು, ಹುಣಿಸೆಹಣ್ಣು ಎಲ್ಲ ನಡೆದುಹೋಗುವಷ್ಟು ದೂರದಲ್ಲೇ ಸಿಗುತ್ತದೆ, ಹಿಂದಿ-ಇಂಗ್ಲಿಷ್‌ನಲ್ಲೇ ದಿನ ಕಳೆಯಬಹುದು. ಬಾಡಿಗೆ ತಡೆಯಲಾರದೆ ಅದೇ ತೋಝಾಯ್ ರೈಲು ಮಾರ್ಗದ ಆಚೆ ತುದಿಗೆ, ಫುನಾಬಾಶಿ ಕಡೆಗೆ ಬಂದೆವು. ಮನೆಯವರ ವೀಸಾದ ಮೇಲೆ ಬಂದವರು ಇಲ್ಲಿ ಅನುಮತಿ ಪಡೆದು ವಾರಕ್ಕೆ 28 ಗಂಟೆ ಕೆಲಸ ಮಾಡಬಹುದು. ಭಾಷೆ ಅಷ್ಟಕ್ಕಷ್ಟೇ ಇದ್ದವಳಿಗೆ ತರಕಾರಿ ಜೋಡಿಸುವ ಕೆಲಸ ಸಿಕ್ಕಿತು.

ಆ ಒಂದು ವರ್ಷ ನಾನು ಓದಿದ್ದೆಲ್ಲ ಇಂಗ್ಲಿಷ್ ಮೂಲಕ. ಪುಸ್ತಕ ಇಂಗ್ಲಿಷ್, ಮೊಬೈಲ್ ಆ್ಯಪ್ ಇಂಗ್ಲಿಷ್, ಯೂಟ್ಯೂಬ್ ಮೇಷ್ಟ್ರೂ ಇಂಗ್ಲಿಷ್. ವಾಕ್ಯ ಕಟ್ಟುವಾಗ ತಲೆಯಲ್ಲಿ ಮೊದಲು ಇಂಗ್ಲಿಷ್ ಮಾಡಿಕೊಂಡು, ಅದನ್ನು ಬುಡಮೇಲು ಮಾಡಿ, ಆಮೇಲೆ ಬಾಯಿ ಬಿಡುತ್ತಿದ್ದೆ. ಅಷ್ಟರಲ್ಲಿ ಎದುರಿಗಿದ್ದವರು ಮುಂದಿನ ಮಾತಿಗೆ ಹೋಗಿರುತ್ತಿದ್ದರು.

ದಾರಿ ಬದಲಾದದ್ದು ಗೋದಾಮಿನಲ್ಲಿ. ಮ್ಯಾನೇಜರು ಬೆಂಡೆಕಾಯಿಯ ಪೆಟ್ಟಿಗೆ ತೋರಿಸಿ ‘ಕೊರೆ, ದಶಿತೆ ಒಯಿತೆ’ ಎಂದರು. ‘ಒಕು’ ಎಂಬ ಸಹಾಯಕ ಕ್ರಿಯಾಪದದ ಬಗ್ಗೆ ನನ್ನ ಪುಸ್ತಕದಲ್ಲಿ ಒಂದೂವರೆ ಪುಟ ವಿವರಣೆ ಇತ್ತು: ಮುಂದಾಗುವುದಕ್ಕೆ ಸಿದ್ಧತೆಯಾಗಿ, ಮುಂಚಿತವಾಗಿ ಮಾಡುವ ಕ್ರಿಯೆ, ಇತ್ಯಾದಿ. ನಾಲ್ಕು ಸಲ ಓದಿದ್ದೆ, ಒಂದು ಸಲವೂ ಬಳಸಿರಲಿಲ್ಲ. ಪೆಟ್ಟಿಗೆ ಎತ್ತುವಾಗ ಹೊಳೆಯಿತು. ‘ದಸು’ ಅಂದರೆ ತೆಗೆ, ‘ಒಕು’ ಅಂದರೆ ಇಡು. ಇದನ್ನ ತೆಗೆದಿಡು! ನಮ್ಮಮ್ಮ ದಿನಕ್ಕೆ ಹತ್ತು ಸಲ ಹೇಳುವ ಮಾತು.

ಆಮೇಲೆ ಒಂದರ ಹಿಂದೆ ಒಂದು ಬಿಚ್ಚಿಕೊಂಡವು. ‘ತಬೆತೆ ಮಿತೆ’, ತಿಂದು ನೋಡು. ‘ಮಿರು’ ಅಂದರೆ ನೋಡುವುದೇ. ‘ಮೊತ್ತೆ ಕಿತೆ’, ತಗೊಂಡ್ಬಾ. ‘ಕಯಿತೆ ಕುರೆತ’, ಬರೆದುಕೊಟ್ಟರು. ‘ತಬೆತೆ ಶಿಮತ್ತ’, ತಿಂದುಬಿಟ್ಟೆ. ಆ ‘ಬಿಟ್ಟೆ’ಯೊಳಗಿನ ಅಯ್ಯೋ ಕೂಡ ಹಾಗೆಹಾಗೇ ಇದೆ. ಮನೆಯಿಂದ ಹೊರಡುವಾಗ ಎಲ್ಲರೂ ಹೇಳುವ ‘ಇತ್ತೆ ಕಿಮಸ್’ ಪದಕ್ಕೆ ಪದ ‘ಹೋಗಿ ಬರ್ತೀನಿ’. ನಿನ್ನೆ ಕೊಂಡ ಬೆಂಡೆಕಾಯಿ ಎನ್ನಲು ‘ಕಿನೋ ಕತ್ತ ಒಕುರ’: ನಿನ್ನೆ, ಕೊಂಡ, ಬೆಂಡೆಕಾಯಿ, ಅದೇ ಸಾಲು. ಒಬ್ಬರು ಹೇಳಿದ್ದನ್ನು ದಾಟಿಸುವಾಗ ನಾವು ‘ಅಂತೆ’ ಸೇರಿಸುವ ಹಾಗೆ ಅವರು ಕೊನೆಯಲ್ಲಿ ‘ತ್ತೆ’ ಸೇರಿಸುತ್ತಾರೆ. ಜನರನ್ನು ಎಣಿಸುವಾಗ ಒಂದು, ಎರಡು ಬರುವುದಿಲ್ಲ. ‘ಹಿತೊರಿ, ಫುತಾರಿ’, ಒಬ್ಬರು, ಇಬ್ಬರು. ಎದುರಿನವರು ಮಾತಾಡುವಾಗ ಮಧ್ಯೆ ಮಧ್ಯೆ ‘ಹಾಯ್, ಹಾಯ್’, ಅಂದರೆ ಹೌದು ಹೌದು, ಅನ್ನಬೇಕು, ಇಲ್ಲವಾದರೆ ಕೇಳಿಸಿಕೊಳ್ಳುತ್ತಿಲ್ಲ ಎಂದುಕೊಳ್ಳುತ್ತಾರೆ. ಕಥೆ ಕೇಳುವಾಗ ಹೂಂಗುಟ್ಟಿ ಬೆಳೆದವರಿಗೆ ಅದನ್ನೇನು ಕಲಿಸಬೇಕು.

ಅಂದಿನಿಂದ ನೋಟ್‌ಪುಸ್ತಕ ಪೂರ್ತಿ ಕನ್ನಡ. ಅಕ್ಷರವೂ ಕನ್ನಡ, ಅರ್ಥವೂ ಕನ್ನಡ. ರೋಮನ್ ಲಿಪಿಯಲ್ಲಿ ಬರೆದುಕೊಂಡಾಗ ಹ್ರಸ್ವ-ದೀರ್ಘ, ಒತ್ತು ಎಲ್ಲ ನನಗೆ ಕಲಸಿಹೋಗುತ್ತಿದ್ದವು. ‘ಯುಕಿ’ ಹಿಮ, ‘ಯೂಕಿ’ ಧೈರ್ಯ. ‘ಬ್ಯೋಯಿನ್’ ಆಸ್ಪತ್ರೆ, ‘ಬಿಯೋಯಿನ್’ ಬ್ಯೂಟಿ ಪಾರ್ಲರ್. ತರಕಾರಿ ವಿಭಾಗದಲ್ಲಿ ಅತಿ ಮುಖ್ಯವಾದದ್ದು: ‘ಕಿತೆ’ ಅಂದರೆ ಬಾ, ‘ಕಿತ್ತೆ’ ಅಂದರೆ ಕತ್ತರಿಸು. ಇಂಗ್ಲಿಷ್ ಮಾತಾಡುವವರು ಇದಕ್ಕೆ ತಿಂಗಳುಗಟ್ಟಲೆ ಒದ್ದಾಡುವುದನ್ನು ವಾರ್ಡಿನ ಸ್ವಯಂಸೇವಕರ ತರಗತಿಯಲ್ಲಿ ನೋಡಿದ್ದೇನೆ. ಕತೆಗೂ ಕತ್ತೆಗೂ ವ್ಯತ್ಯಾಸ ತಿಳಿದವರಿಗೆ ಇದು ಕಷ್ಟವೇ ಅಲ್ಲ. ಕಾನಾ ಅನ್ನುವ ಜಪಾನಿ ಅಕ್ಷರಮಾಲೆಯ ಸಾಲು ಕೂಡ ಅ, ಕ, ಸ, ತ, ನ, ಹ, ಮ, ಯ, ರ, ವ. ‘ಸ’ ಇರುವಲ್ಲಿ ‘ಚ’ ಮತ್ತು ‘ಹ’ ಇರುವಲ್ಲಿ ‘ಪ’ ಎಂದುಕೊಂಡರೆ ನಮ್ಮ ವ್ಯಂಜನಗಳ ಕ್ರಮವೇ. ಸಂಸ್ಕೃತದ ಅಕ್ಷರ ಕಲಿತ ಬೌದ್ಧ ಭಿಕ್ಷುಗಳಿಂದ ಬಂದದ್ದು. ನಿಘಂಟು ತಿರುವುವಾಗ ಇದು ಎಷ್ಟು ಅನುಕೂಲವಾಯಿತೋ.

ಕನ್ನಡ ಕೈಕೊಡುವ ಜಾಗವೂ ಒಂದಿದೆ, ಅಲ್ಲಿ ನಾನು ಚೆನ್ನಾಗಿಯೇ ಬಿದ್ದೆ. ನಾವು ‘ನಾನು, ಅವನು’ ಬಿಟ್ಟು ಮಾತಾಡುತ್ತೇವೆ, ಅವರೂ ಬಿಡುತ್ತಾರೆ. ಆದರೆ ನಮಗೆ ಬರ್ತೀನಿ, ಬರ್ತೀರಿ, ಬರುತ್ತೆ ಎಂದು ಕ್ರಿಯಾಪದದ ಬಾಲ ನೋಡಿದರೆ ಯಾರೆಂದು ಗೊತ್ತಾಗುತ್ತದೆ. ಜಪಾನಿಯಲ್ಲಿ ಎಲ್ಲದಕ್ಕೂ ‘ಕಿಮಸ್’. ಒಂದು ಸಂಜೆ ಮ್ಯಾನೇಜರು ‘ಅಶಿತ, ಹಚಿ-ಜಿ ನಿ ಕಿಮಸ್ ಕರ’ ಎಂದರು. ನಾಳೆ ಎಂಟಕ್ಕೆ ಬರ್ತೀನಿ, ಅದಕ್ಕೇ... ನೀವು ಬನ್ನಿ ಸಾರ್, ನನಗೇನು, ಎಂದುಕೊಂಡು ತಲೆಯಾಡಿಸಿ, ಮಾರನೆಯ ದಿನ ಎಂದಿನಂತೆ ಒಂಬತ್ತಕ್ಕೆ ಹೋದೆ. ಎಂಟಕ್ಕೆ ಬರುವುದಿದ್ದದ್ದು ಎಲೆಕೋಸಿನ ಲಾರಿ. ‘ಕರ’ ಎಂದು ನಿಲ್ಲಿಸಿದರಲ್ಲ, ಅದರ ಹಿಂದಿನ ಹೇಳದ ಮಾತು ‘ನೀನೂ ಬೇಗ ಬಾ’. ಹಿರಿಯಾಕೆ ಒಬ್ಬರೇ ಪೆಟ್ಟಿಗೆಗಳನ್ನೆಲ್ಲ ಇಳಿಸಿಕೊಂಡಿದ್ದರು. ಯಾರೂ ಬೈಯಲಿಲ್ಲ, ಅದೇ ಇನ್ನೂ ಕಷ್ಟ. ಅವತ್ತಿನಿಂದ, ದಡ್ಡಿ ಅಂದುಕೊಂಡರೂ ಸರಿ, ‘ಯಾರು ಬರೋದು?’ ಎಂದು ಕೇಳಿಯೇ ತಲೆಯಾಡಿಸುತ್ತೇನೆ.

ರಿಯಾಯಿತಿಯ ಚೀಟಿಯದೂ ಒಂದು ಫಜೀತಿ. ‘ನಿ-ವರಿ’ ಅಂದರೆ ಹತ್ತರಲ್ಲಿ ಎರಡು ಪಾಲು, ಶೇ 20. ಗಿರಾಕಿಯೊಬ್ಬರಿಗೆ ಶೇ 2 ಎಂದು ಹೇಳಿ ಕಳಿಸಿದ್ದೆ. ಪಾಪ, ಅವರು ಕುಂಬಳಕಾಯಿ ವಾಪಸ್ ಇಟ್ಟು ಹೋದರು.

2021ರ ಡಿಸೆಂಬರಿನಲ್ಲಿ ಜಪಾನಿ ಭಾಷಾ ಸಾಮರ್ಥ್ಯ ಪರೀಕ್ಷೆಯ ನಡುವಿನ ಹಂತವಾದ ಎನ್3 ಬರೆದೆ. 180ಕ್ಕೆ 95 ಬಂದರೆ ಪಾಸು. ನನಗೆ 101 ಬಂತು, ಆದರೂ ಫೇಲು. ಪ್ರತಿ ಭಾಗದಲ್ಲೂ 60ಕ್ಕೆ ಕನಿಷ್ಠ 19 ಬೇಕು, ನನಗೆ ಆಲಿಸುವಿಕೆಯಲ್ಲಿ 17. ಅಂಗಡಿಯಲ್ಲಾದರೆ ಅರ್ಥವಾಗದಿದ್ದರೆ ಮತ್ತೆ ಕೇಳಬಹುದು, ಕೈ ತೋರಿಸಬಹುದು. ಅಲ್ಲಿ ಒಂದೇ ಸಲ ಕೇಳಿಸುತ್ತಾರೆ, ಮುಗಿಯಿತು. ನಾನು ಮಾಡಿದ್ದು ಇಷ್ಟೇ: ಊಟದ ವಿರಾಮದಲ್ಲಿ ಮೊಬೈಲ್ ಒಳಗಿಟ್ಟು, ಪಕ್ಕದ ಮೇಜಿನ ಹೆಂಗಸರ ಹರಟೆಗೆ ಕಿವಿಗೊಟ್ಟು, ಪ್ರತಿ ಮಾತಿಗೂ ‘ಯಾರು’ ಎಂದು ಮನಸ್ಸಿನಲ್ಲೇ ಹೆಸರು ಸೇರಿಸುತ್ತಾ ಹೋದೆ. ಅತ್ತೆಯ ವಿಷಯವೋ ಗಂಡನ ವಿಷಯವೋ ಎಂದು ಊಹಿಸುವುದು ಯಾವ ಆ್ಯಪ್‌ಗಿಂತಲೂ ರುಚಿಯಾಗಿತ್ತು. 2022ರ ಜುಲೈನಲ್ಲಿ ಪಾಸಾದೆ.

ಪರೀಕ್ಷೆಯಲ್ಲಿ ಮಾತಾಡಿಸುವುದಿಲ್ಲ, ಬರೆಸುವುದೂ ಇಲ್ಲ. ಹಾಗಾಗಿ ಎನ್3 ಇಟ್ಟುಕೊಂಡು ಹಲ್ಲಿನ ಡಾಕ್ಟರ ಮುಂದೆ ಬಾಯಿ ತೆರೆದು ಕೂತಾಗ ನಾನು ಮತ್ತೆ ಮೂಗಿ. ನೋವು ಎನ್ನಲು ‘ಇತಾಯ್’ ಗೊತ್ತಿತ್ತು. ಅವರಿಗೆ ಅಷ್ಟು ಸಾಲದು. ‘ಝುಕಿಝುಕಿ?’ ಎಂದರು. ‘ಚಿಕುಚಿಕು?’ ಎಂದರು. ನಾನು ಪಿಳಿಪಿಳಿ ನೋಡಿದೆ. ಅವರು ಮುಷ್ಟಿಯನ್ನು ನಾಡಿಯ ಹಾಗೆ ಬಿಗಿದು ಬಿಚ್ಚಿ ತೋರಿಸಿದರು, ಅದು ಝುಕಿಝುಕಿ, ಟುಂಯ್ ಟುಂಯ್ ಎಂದು ಸಿಡಿಯುವುದು. ಸೂಜಿಯ ಹಾಗೆ ಬೆರಳು ಚುಚ್ಚಿ ತೋರಿಸಿದರು, ಅದು ಚಿಕುಚಿಕು. ಎರಡೂ ಅಲ್ಲ. ತಣ್ಣೀರು ಕುಡಿದರೆ ಜುಂ ಅನ್ನುತ್ತದೆ, ಅದನ್ನು ಹೇಳುವುದು ಹೇಗೆ? ನಾನು ಲೋಟ ಎತ್ತುವ ಹಾಗೆ ಮಾಡಿ, ಭುಜ ಕುಗ್ಗಿಸಿ, ‘ಮಿಝು... ಜುಂ!’ ಅಂದೆ. ‘ಆ, ಶಿಮಿರು ನೆ’, ಜುಂ ಅನ್ನುತ್ತೆ ಅಲ್ವಾ, ಎಂದು ಬರೆದುಕೊಂಡರು. ಚುರುಚುರು, ಜಿಟಿಜಿಟಿ, ಪಟಪಟ ಎಂದು ಮಾತಾಡುವ ನಮಗೆ ಜಪಾನಿಯ ಈ ಜೋಡಿ ಶಬ್ದಗಳು ಬೇಗ ಒಗ್ಗುತ್ತವೆ. ಜಿಟಿಜಿಟಿ ಮಳೆ ‘ಶಿತೊಶಿತೊ’, ಧೋ ಎಂದು ಸುರಿದರೆ ‘ಝಾಝಾ’, ಹೊಟ್ಟೆ ಚುರುಗುಟ್ಟಿದರೆ ‘ಪೆಕೊಪೆಕೊ’. ಡಾಕ್ಟರ ಹತ್ತಿರ ಹೋಗುವ ಮುಂಚೆ ನೋವಿನವನ್ನು ಒಂದು ಹತ್ತಾದರೂ ಕಲಿತಿಟ್ಟುಕೊಳ್ಳಿ. ಮಕ್ಕಳ ಭಾಷೆ ಎಂದು ಪಠ್ಯಪುಸ್ತಕಗಳು ಇವನ್ನು ಹಿಂದಕ್ಕೆ ತಳ್ಳುವುದು ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಕಳೆದ ತಿಂಗಳು ನಮ್ಮ ವಿಭಾಗಕ್ಕೆ ನೇಪಾಳದ ಹುಡುಗನೊಬ್ಬ ಸೇರಿದ್ದಾನೆ. ವಿದ್ಯಾರ್ಥಿ, ಅವನಿಗೂ ವಾರಕ್ಕೆ 28 ಗಂಟೆಯ ಲೆಕ್ಕ. ಕೆಲಸ ಹೇಳಿಕೊಡು ಎಂದು ಮ್ಯಾನೇಜರು ನನಗೆ ಒಪ್ಪಿಸಿದರು. ಬೆಂಡೆಕಾಯಿಯ ಪೆಟ್ಟಿಗೆ ತೋರಿಸಿ ‘ದಶಿತೆ ಒಯಿತೆ’ ಎಂದೆ. ಕಣ್ಣು ಕಣ್ಣು ಬಿಟ್ಟ. ಇವನಿಗೆ ಕನ್ನಡ ಬರುವುದಿಲ್ಲವಲ್ಲ, ಇನ್ನು ಆ ಒಂದೂವರೆ ಪುಟವನ್ನೇ ಒಪ್ಪಿಸಬೇಕೇನೋ ಎಂದುಕೊಂಡು, ಪೆಟ್ಟಿಗೆಯಿಂದ ಒಂದು ಬಲೆಚೀಲ ತೆಗೆದೆ, ‘ದಸು’. ಮೇಜಿನ ಮೇಲೆ ಇಟ್ಟೆ, ‘ಒಕು’. ಹುಡುಗ ಒಂದು ಕ್ಷಣ ನೋಡಿ, ‘ನಿಕಾಲೆರ ರಾಖ್ನು!’ ಎಂದ. ತೆಗೆದು ಇಡೋದು, ಅವರಲ್ಲೂ ಹಾಗೇ ಹೇಳುತ್ತಾರಂತೆ. ಜೇಬಿನಿಂದ ಚಿಕ್ಕ ಪುಸ್ತಕ ತೆಗೆದು ನೇಪಾಳಿಯಲ್ಲಿ ಬರೆದುಕೊಂಡ. ಅಲ್ಲಿಯವರೆಗಿನ ಪುಟಗಳೆಲ್ಲ ಇಂಗ್ಲಿಷಿನಲ್ಲಿದ್ದವು.