ತೊಗಲುಗೊಂಬೆಗೆ ಹಿಂದಿನಿಂದ ಬೆಳಕು: ನನ್ನ ಅನುಭವ

ಹತ್ತು ದಿನದ ಪ್ರದರ್ಶನ, ಇಪ್ಪತ್ತೆರಡು ತೊಗಲುಗೊಂಬೆ, ಬೆಳಕಿಗೆ ಅಂತ ಕೊಟ್ಟಿದ್ದು 60 ಸಾವಿರ. ಹಿಂದಿನಿಂದ ಬೆಳಕು ಬಿಡ್ತೀನಿ ಅಂದಾಗ ಆಯೋಜಕರಿಂದ ಬಡಗಿಯವರೆಗೆ ಎಲ್ಲರೂ ಬೇಡ ಅಂದರು. "ಅಂಗಡಿ ಬೋರ್ಡ್ ಥರ ಕಾಣುತ್ತೆ ಸಾರ್" ಅಂತ ಒಬ್ಬರು, "ಬಣ್ಣ ಹಾರಿಹೋಗುತ್ತೆ" ಅಂತ ಇನ್ನೊಬ್ಬರು. ಮೇಲೆ ದೀಪ ಸಿಕ್ಕಿಸೋ ಪಟ್ಟಿ (ಟ್ರ್ಯಾಕ್) ಹಾಕಿ ಮುಂದಿನಿಂದ ಸ್ಪಾಟ್ ಬಿಟ್ಟರೆ ಮುಗೀತು ಅನ್ನೋದು ಅವರ ಲೆಕ್ಕ. ಆದರೆ ಮೇಕೆ ತೊಗಲನ್ನು ಅಷ್ಟು ತೆಳ್ಳಗೆ ಹೆರೆದು, ಬಣ್ಣ ಕೊಟ್ಟು, ಚುಕ್ಕೆ ಚುಕ್ಕೆಯಾಗಿ ತೂತು ಕೊರೆದಿರೋದೇ ಹಿಂದೆ ದೀಪ ಇರುತ್ತೆ ಅಂತ ಅಲ್ವಾ? ಮುಂದಿನಿಂದ ಬೆಳಕು ಬಿದ್ದರೆ ಅದು ಮಂಕಾದ ಚರ್ಮ ಅಷ್ಟೇ.

ಅವರ ಭಯಕ್ಕೆ ಕಾರಣವೂ ಇತ್ತು. ಕೆಲವು ವರ್ಷಗಳ ಹಿಂದೆ ನಾನೇ ಒಂದು ಗೊಂಬೆಯ ಹಿಂದೆ 50 ವ್ಯಾಟ್ ಹ್ಯಾಲೊಜನ್ ಇಟ್ಟಿದ್ದೆ, ಒಂದಡಿ ದೂರದಲ್ಲಿ. ಮಧ್ಯಾಹ್ನದ ಹೊತ್ತಿಗೆ ಹನುಮಂತನ ಬಾಲದ ತುದಿ ಹಪ್ಪಳದ ಹಾಗೆ ಮುದುರಿತ್ತು. ಅದು ಒಂದು ಕುಟುಂಬ ತಲೆಮಾರುಗಳಿಂದ ಆಡಿಸುತ್ತಿದ್ದ ಗೊಂಬೆ. ಆ ಮನೆಯ ಹಿರಿಯರು ಬಂದು, ಲಘುವಾಗಿ ತೇವ ಮಾಡಿ, ಎರಡು ದಿನ ಭಾರ ಹೇರಿಟ್ಟು ಸರಿ ಮಾಡಿದರು. ಒಂದು ಮಾತೂ ಬಯ್ಯಲಿಲ್ಲ. ಅದೇ ನನಗೆ ಜಾಸ್ತಿ ನೋವಾಗಿದ್ದು.

ಈ ಸಲ ಎಲ್‌ಇಡಿ ಸ್ಟ್ರಿಪ್. ಪ್ಲೈವುಡ್ ಪೆಟ್ಟಿಗೆ ಸುಮಾರು ಹತ್ತು ಇಂಚು ಆಳ, ಎದುರಿಗೆ ಬಿಳಿ ಬಟ್ಟೆ, ಸ್ಟ್ರಿಪ್ಪಿಗೆ ಕರೆಂಟು ಕೊಡೋ ಡ್ರೈವರ್ ಪೆಟ್ಟಿಗೆಯ ಹೊರಗೆ. ಮೊದಲು ಸ್ಟ್ರಿಪ್ಪನ್ನು ನೇರ ಬಟ್ಟೆಯ ಕಡೆ ತಿರುಗಿಸಿದೆ. ಚುಕ್ಕೆಗಳ ಸಾಲು ಎದ್ದು ಕಂಡಿತು. ಆಮೇಲೆ ಹಿಂದಿನ ಹಲಗೆಗೆ ಹೊಳಪಿಲ್ಲದ ಬಿಳಿ ಬಣ್ಣ ಬಳಿದು, ಬೆಳಕು ಅದಕ್ಕೆ ಬಡಿದು ವಾಪಸ್ ಬರೋ ಹಾಗೆ ಮಾಡಿದೆ. ಚುಕ್ಕೆ ಹೋಯಿತು. ಆದರೆ ಗೊಂಬೆಯ ಸುತ್ತ ಬಿಳಿ ಬಟ್ಟೆ ಕಣ್ಣು ಕುಕ್ಕಿ, ಗೊಂಬೆ ಕಪ್ಪು ನೆರಳಿನಂತಾಯಿತು. ಅಂಗಡಿ ಬೋರ್ಡ್ ಅಂದವರ ಮಾತು ನಿಜವಾಗಿತ್ತು.

ಮೂರು ರಾತ್ರಿ ಕೂತು ಹುಡುಕಿದ ಉಪಾಯ ಇದು: ಕಪ್ಪು ಹಾಳೆಯಲ್ಲಿ ಪ್ರತಿ ಗೊಂಬೆಯ ಆಕಾರದ ಕಿಂಡಿ ಕತ್ತರಿಸಿ ಬಟ್ಟೆಯ ಹಿಂದೆ ಅಂಟಿಸೋದು. ಬೆಳಕು ಗೊಂಬೆಯೊಳಗಿಂದ ಮಾತ್ರ ಬರಬೇಕು. ಅಂಚಿನಲ್ಲಿ ಎಷ್ಟು ಬಿಟ್ಟು ಕತ್ತರಿಸಬೇಕು ಅನ್ನೋದನ್ನು ಇಲ್ಲಿ ಹೇಳಲ್ಲ, ಅದು ನನ್ನ ಹೊಟ್ಟೆಪಾಡು. ಮೊದಲ ಗೊಂಬೆ ರಾವಣ. ಸ್ವಿಚ್ ಹಾಕಿದ ಕೂಡಲೇ ಎದೆಯ ಮೇಲಿನ ಹಾರದ ತೂತುಗಳು ಒಂದೊಂದೂ ಮಣಿಯಂತೆ ಹೊಳೆದವು, ಕೆಂಪು ಕೆಂಡದ ಹಾಗೆ ಎದ್ದಿತು. ಬೇಡ ಅಂದಿದ್ದ ಬಡಗಿಯೇ ಹೋಗಿ ಹೆಂಡತಿ ಮಕ್ಕಳನ್ನು ಕರೆತಂದರು.

ಆ ಕೆಂಪು ಸುಮ್ನೆ ಬರಲಿಲ್ಲ. ಬೆಂಗಳೂರಿನ ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯಲ್ಲಿ ಮೀಟರಿಗೆ ನೂರೈವತ್ತಕ್ಕೆ ತಂದ ಸ್ಟ್ರಿಪ್ಪಿನಲ್ಲಿ ಕೆಂಪು ಇಟ್ಟಿಗೆ ಬಣ್ಣಕ್ಕೆ ತಿರುಗಿತ್ತು. ಸಿಆರ್‌ಐ (ಬಣ್ಣಗಳನ್ನು ಎಷ್ಟು ನಿಜವಾಗಿ ತೋರಿಸುತ್ತೆ ಅನ್ನೋ ಅಳತೆ, 100 ಗರಿಷ್ಠ) 95ರದ್ದು ತಂದೆ, ಮೀಟರಿಗೆ ಹೆಚ್ಚುಕಮ್ಮಿ ಏಳುನೂರು. ಆರ್9, ಅಂದರೆ ಗಾಢ ಕೆಂಪನ್ನು ಎಷ್ಟು ಸರಿಯಾಗಿ ತೋರಿಸುತ್ತೆ ಅನ್ನೋ ಅಂಕ, ಎಷ್ಟು ಅಂತ ಕೇಳದೆ ಕೊಳ್ಳಬೇಡಿ. ಮೊದಲು ತಂದದ್ದು ಆರು ಸಾವಿರ ದಂಡ.

ನಡುವೆ ಒಂದು ಹುಚ್ಚು ಪ್ರಯೋಗವೂ ಆಯಿತು. ಎಣ್ಣೆ ದೀಪದ ಬೆಳಕು ಸುಮಾರು 2000 ಕೆಲ್ವಿನ್ (ಬೆಳಕಿನ ಬಣ್ಣದ ಅಳತೆ, ಕಮ್ಮಿ ಆದಷ್ಟೂ ಕೆಂಪು) ಅಲ್ವಾ, ಅಂತ 2200ರ ಸ್ಟ್ರಿಪ್ ಹಾಕಿ, ಜ್ವಾಲೆಯಂತೆ ನಿಧಾನ ಅಲುಗೋ ಕಂಟ್ರೋಲರ್ ಕೂಡಿಸಿದೆ. ಕೆಂಪು ಚೆನ್ನ, ಹಸಿರು ಕೆಸರು. ಅಲುಗಾಟ ಐದು ನಿಮಿಷ ಚೆಂದ, ಆಮೇಲೆ ತಲೆನೋವು. 2700ಕ್ಕೆ ನಿಂತೆ. ಅಲುಗೋ ಬೆಳಕನ್ನು ಕೊನೆಯ ಒಂದೇ ಗೊಂಬೆಗೆ ಉಳಿಸಿದೆ.

ಬಣ್ಣ ಹಾರುತ್ತೆ ಅಂದವರಿಗೆ ಲೆಕ್ಕ ತೋರಿಸಿದೆ. ಗೊಂಬೆಯ ಬೆನ್ನಿಗೇ ಮೀಟರ್ ಹಿಡಿದು 50 ಲಕ್ಸ್ (ಒಂದು ಜಾಗಕ್ಕೆ ಎಷ್ಟು ಬೆಳಕು ಬೀಳುತ್ತೆ ಅನ್ನೋ ಅಳತೆ). ದಿನಕ್ಕೆ ಎಂಟು ಗಂಟೆ, ಹತ್ತು ದಿನ, ಒಟ್ಟು 4,000 ಲಕ್ಸ್-ಗಂಟೆ. ಬೇಗ ಮಾಸೋ ವಸ್ತುಗಳಿಗೆ ಮ್ಯೂಸಿಯಂನವರು ವರ್ಷಕ್ಕೆ ಇಟ್ಟುಕೊಳ್ಳೋ ಮಿತಿ 15,000. 50 ಸಾಲಲ್ಲ ಅನ್ನೋರು ಕೋಣೆಯನ್ನು ಕತ್ತಲು ಮಾಡಿ ನೋಡಿಲ್ಲ. ಬಿಸಿಲಿನಿಂದ ನೇರ ಒಳಗೆ ಬಂದವರಿಗೆ ಏನೂ ಕಾಣಲ್ಲ, ಅದಕ್ಕೆ ಬಾಗಿಲಲ್ಲಿ ಕಪ್ಪು ಪರದೆಯ ಎರಡು ತಿರುವು ಕೊಟ್ಟೆ. ಅಲ್ಲಿ ಮದ್ದಳೆ, ತಾಳಗಳನ್ನು ಸುಮಾರು 150 ಲಕ್ಸಿನಲ್ಲಿ ಇಟ್ಟೆ. ಅವನ್ನು ನೋಡಿ ಮುಗಿಸೋ ಹೊತ್ತಿಗೆ ಕಣ್ಣು ಒಗ್ಗಿರುತ್ತೆ.

ಉದ್ಘಾಟನೆಯ ದಿನವೇ ಇನ್ನೊಂದು ಪೆಟ್ಟು. ಎಲ್ಲರ ಮೊಬೈಲ್ ವಿಡಿಯೋದಲ್ಲಿ ಅಡ್ಡ ಗೆರೆಗಳು. ಬೆಳಕು ತಗ್ಗಿಸೋ ಡಿಮ್ಮರಿನ ಫ್ರೀಕ್ವೆನ್ಸಿ, ಅಂದರೆ ಸೆಕೆಂಡಿಗೆ ಎಷ್ಟು ಸಲ ದೀಪವನ್ನು ಆರಿಸಿ ಹಚ್ಚುತ್ತೆ ಅನ್ನೋದು, ಕಡಿಮೆ ಇತ್ತು. ಆ ರಾತ್ರಿಯೇ ಎಲ್ಲ ಬದಲಿಸಿದೆ, ಮತ್ತೆ ಏಳೆಂಟು ಸಾವಿರ.

ದಂಡವೆಲ್ಲ ಸೇರಿ 54 ಸಾವಿರ ಆಗಿರಬೇಕು. ಟ್ರ್ಯಾಕ್ ಬಾಡಿಗೆಗೇ ಒಬ್ಬರು ಲಕ್ಷದ ಮೇಲೆ ಕೇಳಿದ್ದರು. ಪೆಟ್ಟಿಗೆಗಳು ಈಗ ನಂಬರ್ ಹಾಕಿಸಿಕೊಂಡು ನನ್ನ ಶೆಡ್ಡಿನಲ್ಲಿವೆ. ಮುಂದಿನ ಕರೆ ಮೈಸೂರಿನಿಂದ. ಆ ಹಾಲಿಗೆ ಪಶ್ಚಿಮಕ್ಕೆ ನಾಲ್ಕು ದೊಡ್ಡ ಕಿಟಕಿಗಳಿವೆಯಂತೆ. ಭಾನುವಾರ ಮೀಟರ್ ಹಿಡಿದು ಹೋಗ್ತಿದ್ದೀನಿ.