ಕಿವಿಗೆ ಒಂದೇ, ಕಾಗುಣಿತ ಬೇರೆ: ಇಂಗ್ಲಿಷಿನ ಸಮಧ್ವನಿ ಪದಗಳನ್ನು ತಪ್ಪಿಲ್ಲದೆ ಬರೆಯುವುದು ಹೇಗೆ?

ಕನ್ನಡದಲ್ಲಿ ಬಹುಮಟ್ಟಿಗೆ ನುಡಿದಂತೆಯೇ ಬರೆಯುವುದರಿಂದ ಇಂಗ್ಲಿಷ್ ಬರೆಯುವಾಗಲೂ ನಾವು ಕಿವಿಯನ್ನೇ ನಂಬುತ್ತೇವೆ. ಆದರೆ ‘ದೇರ್’ ಎಂದು ಕೇಳಿಸುವ ಒಂದೇ ಧ್ವನಿಗೆ ಅಲ್ಲಿ ಮೂರು ಬರಹರೂಪಗಳಿವೆ. ಹೋಮೋಫೋನ್ ಎಂದೂ, ಸಡಿಲವಾಗಿ ಹೋಮೋನಿಮ್ ಎಂದೂ ಕರೆಯುವ ಇಂಥ ಪದಗಳನ್ನು ಬರೆಯಬೇಕಾದರೆ ಅರ್ಥದಿಂದ ಅಕ್ಷರಕ್ಕೆ ಬರಬೇಕು.

ಮೊದಲು ಅಪಾಸ್ಟ್ರಫಿಯನ್ನು ಬಿಡಿಸಿ ಓದಿ. ‘ಇಟ್ಸ್’ ಇರುವಲ್ಲಿ ‘ಇಟ್ ಈಸ್’ ಅಥವಾ ‘ಇಟ್ ಹ್ಯಾಸ್’ ಎಂದು ಓದಿದಾಗ ವಾಕ್ಯ ಸರಿಯಾಗಿ ನಿಂತರೆ ಟಿ ಮತ್ತು ಎಸ್ ನಡುವೆ ಆ ಚಿಹ್ನೆ ಬೇಕು, ಇಲ್ಲದಿದ್ದರೆ ಬೇಡ. ನಾಯಿ ತನ್ನ ಬಾಲ ಅಲ್ಲಾಡಿಸಿತು ಎನ್ನುವಲ್ಲಿ ‘ಇಟ್ ಈಸ್ ಟೇಲ್’ ಎಂದರೆ ಅರ್ಥವೇ ಕೆಡುತ್ತದೆ. ನಾಮಪದದ ಷಷ್ಠಿಗೆ ಅಪಾಸ್ಟ್ರಫಿ ಬರುತ್ತದೆಂದು ಕಲಿತದ್ದೇ ಈ ಗೊಂದಲದ ಮೂಲ. ‘ಹಿಸ್’, ‘ಹರ್ಸ್’ಗಳಿಗೆ ಬೇಡದ ಚಿಹ್ನೆ ಅವುಗಳಂತೆಯೇ ಸರ್ವನಾಮವಾದ ಇದಕ್ಕೂ ಬೇಡ. ‘ಯೂ ಆರ್’, ‘ದೇ ಆರ್’ಗಳ ಸಂಕ್ಷಿಪ್ತ ರೂಪಗಳಿಗೂ ಇದೇ ಪರೀಕ್ಷೆ ಸಾಕು.

ಎರಡನೆಯದಾಗಿ, ಪದದೊಳಗೆ ಅಡಗಿರುವ ನಂಟನ್ನು ಹುಡುಕಿ. ಸ್ಥಳ ಸೂಚಿಸುವ ‘ದೇರ್’ನಲ್ಲಿ ‘ಹಿಯರ್’ ಇದೆ. ‘ಅವರ’ ಎಂಬರ್ಥದ್ದರಲ್ಲಿ ವಾರಸುದಾರ ಎಂಬರ್ಥದ ‘ಏರ್’ ಇದೆ. ಕಾಗದ, ಲೇಖನಿಗಳ ‘ಸ್ಟೇಷನರಿ’ ಹುಟ್ಟಿದ್ದು ‘ಸ್ಟೇಷನರ್’ನಿಂದ, ಹಾಗಾಗಿ ಅದಕ್ಕೆ ಇ, ನಿಶ್ಚಲವಾದದ್ದಕ್ಕೆ ಎ. ಸ್ವಾರಸ್ಯವೆಂದರೆ ಎರಡರ ಬೇರೂ ಒಂದೇ: ಊರೂರು ತಿರುಗದೆ ಒಂದೇ ಕಡೆ ಅಂಗಡಿ ಇಟ್ಟ ಪುಸ್ತಕ ವ್ಯಾಪಾರಿಯೇ ಮಧ್ಯಯುಗದ ಸ್ಟೇಷನರ್. ‘ಪ್ರಿನ್ಸಿಪಲ್’ ವಿಷಯ ಇನ್ನೂ ಸುಲಭ: ತತ್ತ್ವವಾದರೆ ಕೊನೆಗೆ ಎಲ್-ಇ, ಕಾಲೇಜಿನ ಮುಖ್ಯಸ್ಥ, ಸಾಲದ ಅಸಲು, ‘ಪ್ರಮುಖ’ ಇವೆಲ್ಲಕ್ಕೂ ಎ-ಎಲ್.

ನಂಟು ಸಿಗದ ಕಡೆ ಧ್ವನಿ ಸ್ಪಷ್ಟವಾಗಿರುವ ಇನ್ನೊಂದು ಜೋಡಿಯ ನೆರವು ಪಡೆಯಬಹುದು. ಬ್ರಿಟಿಷ್ ಬರವಣಿಗೆಯಲ್ಲಿ ‘ಪ್ರಾಕ್ಟೀಸ್’ ನಾಮಪದವಾದರೆ ಸಿ, ಕ್ರಿಯಾಪದವಾದರೆ ಎಸ್. ‘ಅಡ್ವೈಸ್’, ‘ಅಡ್ವೈಜ್’ ಎಂದು ಹೇಳಿಕೊಂಡರೆ ವ್ಯತ್ಯಾಸ ಕಿವಿಗೇ ಬೀಳುತ್ತದೆ. ಅಮೆರಿಕದವರು ಎರಡಕ್ಕೂ ಸಿ ಬಳಸುತ್ತಾರೆ. ವೀರಯೋಧನ ‘ನೈಟ್’ಗೆ ಮಾತ್ರ ಇಂಥ ಉಪಾಯವಿಲ್ಲ, 1476ರಲ್ಲಿ ಕ್ಯಾಕ್ಸ್‌ಟನ್ ಇಂಗ್ಲೆಂಡಿನಲ್ಲಿ ಮುದ್ರಣ ಆರಂಭಿಸಿದಾಗ ಅದರ ಕೆ ಬಾಯಲ್ಲೂ ಇತ್ತು, ಮುಂದೆ ಬರಹದಲ್ಲಷ್ಟೇ ಉಳಿಯಿತು. ಅದನ್ನು ಕಂಠಪಾಠ ಮಾಡಲೇಬೇಕು.

ಜೋಡಿಯನ್ನು ಒಟ್ಟಿಗೆ ಕಲಿಯಬಾರದೆಂಬುದು ನನ್ನ ಅಭಿಪ್ರಾಯ. ಒಂದು ಗಟ್ಟಿಯಾದ ಮೇಲೆ ಇನ್ನೊಂದನ್ನು ಎತ್ತಿಕೊಂಡರೆ ಎರಡೂ ಕಲಸಿಹೋಗುವುದಿಲ್ಲ.

ಕೊನೆಯದು ತಿದ್ದುವ ಹಂತ. ಎರಡೂ ನಿಘಂಟಿನಲ್ಲಿರುವ ಪದಗಳೇ ಆದ್ದರಿಂದ ಕಂಪ್ಯೂಟರಿನ ಕಾಗುಣಿತ ಪರೀಕ್ಷಕ ಎಷ್ಟೋ ಸಲ ಕೆಂಪು ಗೆರೆ ಎಳೆಯುವುದಿಲ್ಲ. ನೀವು ಪದೇಪದೇ ಎಡವುವ ನಾಲ್ಕೈದು ಪದಗಳನ್ನು ಬರೆದಿಟ್ಟುಕೊಂಡು, ಬರಹ ಮುಗಿದ ಮೇಲೆ ‘ಫೈಂಡ್’ ಸೌಲಭ್ಯದಲ್ಲಿ ಒಂದೊಂದನ್ನೇ ಹುಡುಕಿ, ಸಿಕ್ಕಲ್ಲೆಲ್ಲ ನಿಂತು ಇಡೀ ವಾಕ್ಯವನ್ನು ಓದಿ ನೋಡಿ.