ಹೊಳೆ ನೀರಲ್ಲಿ ಸೀಸ ಹುಡುಕುವಾಗ

ಶಿವಮೊಗ್ಗದಲ್ಲಿ ಕಾಲೇಜು ಮಕ್ಕಳಿಗೆ ಕೆಮಿಸ್ಟ್ರಿ ಹೇಳಿಕೊಡುತ್ತೇನೆ. ತುಂಗೆ, ಭದ್ರೆಯ ನೀರು ತಂದು ಸೀಸ, ಕ್ಯಾಡ್ಮಿಯಂ, ಕ್ರೋಮಿಯಂ ಎಷ್ಟಿದೆ ಅಂತ ನೋಡುವುದನ್ನು ಅವರ ಜೊತೆ ಮಾಡುತ್ತಾ ಬಂದಿದ್ದೇನೆ. ಲ್ಯಾಬಿನ ಯಂತ್ರ ಅದರ ಪಾಡಿಗೆ ಅಂಕಿ ಕೊಡುತ್ತದೆ. ನಿಜವಾದ ಕಷ್ಟ ಇರುವುದು ಹೊಳೆಯಲ್ಲಿ ಬಾಟಲಿ ತುಂಬಿಸುವಾಗ.

ನಾವು ಹುಡುಕುವುದು ತೀರಾ ಚೂರು ನೋಡಿ. ಕುಡಿಯುವ ನೀರಿನ ಭಾರತೀಯ ಮಾನದಂಡ ಐಎಸ್ 10500ರ ಪ್ರಕಾರ ಸೀಸದ ಮಿತಿ ಲೀಟರಿಗೆ 0.01 ಮಿಲಿಗ್ರಾಂ. ಕ್ಯಾಡ್ಮಿಯಂಗೆ 0.003, ಪಾದರಸಕ್ಕೆ 0.001. ಇಂಥ ಲೆಕ್ಕದಲ್ಲಿ ಕೈಯ ಕೊಳೆ, ಬಾಟಲಿಯ ಧೂಳು ಕೂಡ ಅಂಕಿ ಏರಿಸಿಬಿಡುತ್ತವೆ. ಅದಕ್ಕೇ ಪ್ಲಾಸ್ಟಿಕ್ ಬಾಟಲಿಗಳನ್ನು ಹಿಂದಿನ ದಿನವೇ ಶೇ. 10ರ ನೈಟ್ರಿಕ್ ಆಸಿಡ್ಡಿನಲ್ಲಿ ನೆನೆಹಾಕಿ, ಡಿಸ್ಟಿಲ್ಡ್ ನೀರಲ್ಲಿ ತೊಳೆದಿಡುತ್ತೇವೆ.

ಮೆಟ್ಟಿಲ ಹತ್ತಿರದ ನೀರು ಬೇಡ. ಅಲ್ಲಿ ಬಟ್ಟೆ ಒಗೆಯುತ್ತಾರೆ, ಬೈಕ್ ತೊಳೆಯುತ್ತಾರೆ. ಹರಿವು ಇರುವ ಕಡೆ ಹೋಗಿ, ಬಾಟಲಿಯ ಬಾಯಿ ಹರಿವಿಗೆ ಎದುರಾಗಿ ಹಿಡಿದು, ಮೇಲೆ ತೇಲುವುದನ್ನು ಬಿಟ್ಟು ಒಳಗಿಂದ ತುಂಬಿಸಬೇಕು. ಆಮೇಲೆ ಪಿಎಚ್ 2ಕ್ಕಿಂತ ಕೆಳಗೆ ಇಳಿಯುವಷ್ಟು ನೈಟ್ರಿಕ್ ಆಸಿಡ್ ಹನಿ. ಇದನ್ನು ಹಾಕದಿದ್ದರೆ ಲೋಹ ಬಾಟಲಿಯ ಗೋಡೆಗೆ ಅಂಟಿಕೊಳ್ಳುತ್ತದೆ, ಲ್ಯಾಬ್ ತಲುಪುವಾಗ ನೀರು ಸುಮ್ನೆ ಶುದ್ಧವಾಗಿ ಕಾಣುತ್ತದೆ! ಕರಗಿದ ಲೋಹದ ಲೆಕ್ಕ ಬೇರೆ ಬೇಕಿದ್ದರೆ ಆಸಿಡ್ ಹಾಕುವ ಮೊದಲೇ 0.45 ಮೈಕ್ರಾನ್ ಫಿಲ್ಟರಿನಲ್ಲಿ ಸೋಸುತ್ತೇವೆ.

ಜಾಗ ಅಂದರೆ ಶಿವಮೊಗ್ಗಕ್ಕಿಂತ ಮೇಲೆ ತುಂಗೆಯ ಗಾಜನೂರು, ಶಿವಮೊಗ್ಗ ಊರು ದಾಟಿದ ಮೇಲೆ, ಭದ್ರಾವತಿಯ ಮೇಲೆ ಮತ್ತು ಕೆಳಗೆ, ಕೊನೆಗೆ ಎರಡೂ ಹೊಳೆ ಸೇರುವ ಕೂಡ್ಲಿ. ಊರಿನ ಮೇಲಿನ ನೀರು ಇಲ್ಲದೆ ಕೆಳಗಿನದನ್ನು ಮಾತ್ರ ತಂದರೆ ಯಾವ ಅರ್ಥವೂ ಇಲ್ಲ. ಮಳೆಗಾಲದ ಕೆಂಪು ನೀರಲ್ಲಿ ಕಬ್ಬಿಣ ಜಾಸ್ತಿ ಬರುತ್ತದೆ. ಅದು ಹೆಚ್ಚಾಗಿ ನಮ್ಮ ಜಂಬಿಟ್ಟಿಗೆ ಮಣ್ಣಿನದು, ಹೆದರಬೇಕಾಗಿಲ್ಲ.

ನನ್ನ ಕೇಳಿದರೆ ನೀರಿಗಿಂತ ತಳದ ಕೆಸರು ಹೆಚ್ಚು ಮಾತಾಡುತ್ತದೆ. ನೀರು ಹರಿದು ಹೋಗುತ್ತದೆ, ಲೋಹ ಮಾತ್ರ ಸಣ್ಣ ಜೇಡಿಗೆ ಅಂಟಿ ಉಳಿಯುತ್ತದೆ. ಕೆಸರು ತೆಗೆಯಲು ಪ್ಲಾಸ್ಟಿಕ್ ಸೌಟು ಒಯ್ಯುತ್ತೇವೆ, ಕಬ್ಬಿಣದ ಕರಣೆ ಮುಟ್ಟಿಸುವುದಿಲ್ಲ. ಭದ್ರೆಯ ಮೇಲ್ಭಾಗದಲ್ಲಿದ್ದ ಕುದುರೆಮುಖದ ಕಬ್ಬಿಣದ ಅದಿರಿನ ಗಣಿ 2005ರ ಕೊನೆಗೆ ನಿಂತಿತು. ಆದರೆ ಗಣಿ ನಿಂತಿತು ಅಂತ ತಳದ ಹೂಳು ಎದ್ದು ಹೋಗುವುದಿಲ್ಲವಲ್ಲ. ತಳದಲ್ಲಿ ಮೇಯುವ ಮೀನು ಅದನ್ನೇ ತಿನ್ನುತ್ತದೆ. ಗದ್ದೆಗೆ ನೀರು ಹಾಯಿಸುವವರೂ ಯೋಚಿಸಬೇಕು. ಜಪಾನಿನ ಜಿಂಜು ನದಿಗೆ ಗಣಿಯ ಕ್ಯಾಡ್ಮಿಯಂ ಸೇರಿ, ಆ ನೀರಲ್ಲಿ ಬೆಳೆದ ಅಕ್ಕಿ ಉಂಡವರ ಮೂತ್ರಪಿಂಡ ಕೆಟ್ಟು, ಮೂಳೆ ಮುರಿಯುವಷ್ಟು ಮೆತ್ತಗಾಗಿತ್ತು.

ಕೂಡ್ಲಿಯಲ್ಲಿ ಅಜ್ಜಿಯೊಬ್ಬರು ಕೇಳಿದರು, “ಮೇಷ್ಟ್ರೇ, ಕುದಿಸಿ ಕುಡಿದ್ರೆ ಎಲ್ಲ ಹೋಗುತ್ತಲ್ವಾ?” ಹುಳ ಸಾಯುತ್ತವೆ ಅಜ್ಜಿ, ಸೀಸ ಹೋಗುವುದಿಲ್ಲ ಅಂದೆ. ನೀರು ಆವಿಯಾದಷ್ಟೂ ಉಳಿದ ನೀರಲ್ಲಿ ಸೀಸದ ಪ್ರಮಾಣ ಏರುತ್ತದೆ. ಮಕ್ಕಳ ಮೆದುಳಿಗೆ ಸೀಸ ಎಷ್ಟಿದ್ದರೂ ಕೆಟ್ಟದ್ದೇ. ಫಿಲ್ಟರ್ ಮಾರುವವರು ತೋರಿಸುವ ಟಿಡಿಎಸ್ ಮೀಟರನ್ನೂ ನಂಬಬೇಡಿ. ಅದು ಕರಗಿದ ಉಪ್ಪನ್ನೆಲ್ಲ ಒಟ್ಟಿಗೆ ಅಳೆಯುತ್ತದೆ. ಮಿತಿ ದಾಟಿದ ಸೀಸ ಇದ್ದರೂ ಅದರ ಅಂಕಿ ಅಲ್ಲಾಡುವುದಿಲ್ಲ. ಆರ್‌ಓ ಸೀಸವನ್ನು ಬಹುಪಾಲು ತಡೆಯುತ್ತದೆ, ಮನೆಯ ಕ್ಯಾಂಡಲ್ ಫಿಲ್ಟರಿಂದ ಕರಗಿದ ಲೋಹ ಹಾಗೇ ಇಳಿದು ಬರುತ್ತದೆ.